ಓರೆ ಹಿಡಿದ ಡಬ್ಬಿ

ಹನ್ನೊಂದನೇ ತಾರೀಖು, ಬುಧವಾರ, ರಾತ್ರಿ.

ದರ್ಜಿ ಇನ್ನೂ ಕಣ್ಣು ಬಿಟ್ಟಿಲ್ಲ. ನನ್ನ ಪಕ್ಕದ ಮಂಚದವನು, ಹೊಟ್ಟೆಯ ಗಾತ್ರದಲ್ಲಿ ನನಗೆ ಸರಿಜೋಡಿ. ಹೃದಯದ ಆಪರೇಷನ್ ಚೆನ್ನಾಗಿಯೇ ಆಯಿತಂತೆ, ಉಸಿರಿನ ಯಂತ್ರ ತೆಗೆಯಲು ಮಾತ್ರ ಆಗುತ್ತಿಲ್ಲವಂತೆ.

ನಾಳೆ ಬೆಳಿಗ್ಗೆ ಆಪರೇಷನ್ನಿಗೆ ನನ್ನ ಸರದಿ.

ಸಂಜೆ ನರ್ಸಮ್ಮ ಸೊಂಟಕ್ಕೆ ಟೇಪು ಸುತ್ತಿದಾಗ ಹೊಟ್ಟೆ ಒಳಗೆಳೆದುಕೊಂಡು ನಿಂತೆ. "ಉಸಿರು ಬಿಡಿ ಯಜಮಾನ್ರೇ, ಎಷ್ಟೊತ್ತು ಹಿಡ್ಕೋತೀರಾ?" ಎಂದಳು. ಡಾಕ್ಟರು ನಗಲಿಲ್ಲ. "ಕೈಕಾಲು ಸಣ್ಣಗಿದ್ರೇನು? ಮಲಗಿದಾಗ ಈ ಹೊಟ್ಟೆ ಶ್ವಾಸಕೋಶನ ಮೇಲಕ್ಕೆ ಒತ್ತುತ್ತೆ. ಆಪರೇಷನ್ ಆದ್ಮೇಲೆ ಉಸಿರಾಡೋದೇ ಕಷ್ಟ ಆಗ್ಬಹುದು. ಚೆಂಡು ಎಬ್ಬಿಸ್ತಿದ್ದೀರಾ?"

ಪ್ಲಾಸ್ಟಿಕ್ ಡಬ್ಬಿಯ ಕೊಳವೆಯಲ್ಲಿ ಉಸಿರೆಳೆದರೆ ಒಳಗಿನ ಮೂರು ಚೆಂಡು ಮೇಲೇಳಬೇಕು, ಅದೇ ವ್ಯಾಯಾಮ. "ಮೂರೂ ಎಬ್ಬಿಸ್ತೀನಿ ಸಾರ್, ಈ ವಾರ್ಡಿಗೆ ನಾನೇ ಫಸ್ಟು," ಎಂದು ಜಂಬ ಕೊಚ್ಚಿದೆ. "ನಮ್ಮ ಮಾವ ಅಂದ್ರೆ ಸುಮ್ನೇನಾ," ಎಂದಳು ನನ್ನನ್ನು ನೋಡಿಕೊಳ್ಳಲು ಬಂದಿದ್ದ ತಂಗಿಯ ಮಗಳು.

ಡಬ್ಬಿಯನ್ನು ಓರೆ ಹಿಡಿದರೆ ಚೆಂಡುಗಳು ಸಲೀಸಾಗಿ ಏಳುತ್ತವೆ. ಆ ಉಪಾಯ ನನಗೂ ದರ್ಜಿಗೂ ಮಾತ್ರ ಗೊತ್ತಿತ್ತು. ಎಷ್ಟು ನಕ್ಕಿದ್ದೆವು.

ಎಲ್ಲರೂ ಮಲಗಿದ ಮೇಲೆ ಡಬ್ಬಿಯನ್ನು ನೆಟ್ಟಗೆ ಹಿಡಿದು ಎಳೆದೆ. ಒಂದು ಚೆಂಡು ಅರ್ಧ ಎದ್ದು ಬಿದ್ದುಹೋಯಿತು. ಕೆಮ್ಮು ಬಂತು. ಮತ್ತೆ ಎಳೆದೆ. ಬೆಳಗಾಗುವುದರೊಳಗೆ ಎರಡನೆಯದಾದರೂ ಸ್ವಲ್ಪ ಮೇಲೇಳಬೇಕು.