ಬೆರಳನ್ನಷ್ಟೇ ನೋಡುತ್ತಿದ್ದೆ

11 ಮೇ 2021, ಮಂಗಳವಾರ. ಬಳ್ಳಾರಿ.

ಅನಿತಾಳ ಅಜ್ಜಿಯ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಕೋವಿಡ್‌ನಿಂದ ಮೆಡಿಕಲ್ ಕಾಲೇಜು ಮುಚ್ಚಿದ ಮೇಲೆ ಎದೆ ಪರೀಕ್ಷಿಸುವುದನ್ನೂ ಆನ್‌ಲೈನ್‌ನಲ್ಲೇ ಕಲಿಸುತ್ತಿದ್ದೇನೆ. ಮನೆಯವರನ್ನೇ ರೋಗಿ ಎಂದುಕೊಂಡು ಮಾಡಿ ತೋರಿಸಿ ಎಂದು ಹೇಳಿದವಳೂ ನಾನೇ. ಇವತ್ತು ಸಿರುಗುಪ್ಪದಿಂದ ಅನಿತಾಳ ಸರದಿ. ಅಜ್ಜಿ ಗಂಗಕ್ಕನನ್ನು ಕೂರಿಸಿಕೊಂಡು ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿದಳು. ಒಳಗೆ ಟೊಳ್ಳೋ ಗಟ್ಟಿಯೋ ಎಂದು ತಿಳಿಸುವ ಶಬ್ದ ನನಗೆ ಕೇಳಿಸಲಿಲ್ಲ. ಬೆರಳು ಓರೆಯಾಗಿದೆ, ಇನ್ನೊಮ್ಮೆ ತಟ್ಟು ಎಂದೆ. ಮತ್ತೆ ಎಂದೆ. ಮೂರನೇ ಸಲವೂ ಎಂದೆ.

ಆಗ ಅಜ್ಜಿ, "ಸಾಕ್ ಬಿಡವ್ವಾ, ದಮ್ಮ ಹತ್ತೈತಿ" ಎಂದರು.

ನಾನು ಅವರ ಮುಖ ನೋಡಿದ್ದೇ ಆಮೇಲೆ. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು, ಭುಜ ಏರಿಳಿಯುತ್ತಿತ್ತು. ಅರ್ಧ ನಿಮಿಷಕ್ಕೆ ಹದಿನೇಳು ಉಸಿರು, ಇರಬೇಕಾದ್ದರ ಸುಮಾರು ಎರಡರಷ್ಟು. ಪಾಠ ನಿಲ್ಲಿಸಿ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದೆ.

ಸಂಜೆ ಅನಿತಾ ಫೋನ್ ಮಾಡಿದಳು. "ಆಕ್ಸಿಜನ್ ಹಚ್ಯಾರ್ರಿ ಮೇಡಂ. ನೀವ್ ನೋಡಿದ್ದಕ್ಕ ಗೊತ್ತಾತ್ರಿ. ನಾ ಮುಂಜಾನಿಂದ ಬಾಜೂಕ ಇದ್ರೂ ನನಗ ತಿಳೀಲಿಲ್ಲ."

ನಾನೂ ನೋಡಲಿಲ್ಲ, ನಿಮ್ಮಜ್ಜಿಯೇ ಹೇಳಿದರು ಎನ್ನಬೇಕಿತ್ತು. ಎನ್ನಲಿಲ್ಲ.

ವಾರ್ಡಿನಲ್ಲಾಗಿದ್ದರೆ ಹಾಸಿಗೆಯ ಹತ್ತಿರ ಹೋಗುವ ಮೊದಲೇ ತಿಳಿಯುತ್ತಿತ್ತು. ತಿಳಿಯುತ್ತಿತ್ತೇ? ಗಂಗಕ್ಕ ಸುಮ್ಮನೆ ಕೂತಿದ್ದರೆ ನಾನು ನಾಲ್ಕನೇ ಸಲವೂ ತಟ್ಟಿಸುತ್ತಿದ್ದೆ. ಉಳಿದ ಹುಡುಗರ ಮನೆಗಳಲ್ಲಿ ಯಾರು ಹೀಗೆ ಸುಮ್ಮನೆ ಕೂತಿದ್ದಾರೋ.

ಬೆಳಿಗ್ಗೆ ಅನಿತಾಳಿಗೆ ನಿಜ ಹೇಳಬೇಕು. ಅದಕ್ಕೂ ಮೊದಲು ಅಜ್ಜಿ ಹೇಗಿದ್ದಾರೆ ಎಂದು ಕೇಳಬೇಕು. ಅದನ್ನು ಕೇಳುವುದಕ್ಕೇ ಭಯ.