ಒಂಬತ್ತನೇ ಕವಾಟದ ಹಿಂದಿನ ಗೋಡೆ

ಸುಡುಮಾಸ ೯, ೨೧೯೧
ಹಿರೇಕಾವಲು

ಟೆಂಡರ್ ಷರತ್ತುಗಳನ್ನು ಬರೆಯುತ್ತಿರುವ ಹಿರಿಯರಿಗೆ,

ಮೇಲಿನ ತಾರೀಕು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಮೇ ಮತ್ತು ಜೂನ್ ನಡುವೆ ನಾವು ಇಪ್ಪತ್ತೆರಡು ದಿನಗಳನ್ನು ಬೇರೆ ತೆಗೆದಿಟ್ಟು ಸುಡುಮಾಸ ಎಂದು ಕರೆಯುತ್ತೇವೆ. ಆ ದಿನಗಳಲ್ಲಿ ಬಿಸಿಲಿಗೆ ಮೈಯೊಡ್ಡಿ ಕೆಲಸ ಮಾಡಿಸುವುದು ಅಪರಾಧ. ನನ್ನ ಮಾತು ನಿಮಗೆ ಅಲ್ಲಲ್ಲಿ ಒರಟಾಗಿಯೋ ವಿಚಿತ್ರವಾಗಿಯೋ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಹಳೆಯ ಕಡತಗಳನ್ನು ಓದಿ ಓದಿ ನಿಮ್ಮ ಕನ್ನಡವನ್ನು ಕಲಿತಿದ್ದೇನೆ. ಈ ಪತ್ರ ನಿಮ್ಮ ಕೈಸೇರುವ ದಾರಿಯನ್ನು ಮಾತ್ರ ಬರೆಯಲಾರೆ. ಯಾರು ತೆರೆದು ಓದುತ್ತಾರೋ ಹೇಳಲಾಗದು.

ನನ್ನ ಹೆಸರು ಬೊಮ್ಮಕ್ಕ. ನಲವತ್ತು ವರ್ಷ ನೀರಿನ ಕೊಳವೆ, ಸುರಂಗ, ಕವಾಟಗಳ ಎಂಜಿನಿಯರ್ ಆಗಿದ್ದೆ. ನಮ್ಮೂರಿನ ಪಕ್ಕದಲ್ಲೇ, ಹಿಂದೆ ಕುರಿ ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ, ಒಂದು ಮುಚ್ಚುನೆಲವಿದೆ. ಸರ್ಕಾರ ಬೇಲಿ ಹಾಕಿ ಭೂಪಟದಿಂದ ಅಳಿಸಿದ ಜಾಗಕ್ಕೆ ನಾವು ಹಾಗೆನ್ನುತ್ತೇವೆ. ಒಳಗೆ ಏನು ನಡೆಯುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ತಂಪಾಗಿಡಲು ನೆಲದಡಿಯ ಸುರಂಗದಲ್ಲಿ ತಣ್ಣೀರು ಹರಿಯುತ್ತದೆ ಎನ್ನುವುದಷ್ಟೇ ಗೊತ್ತು. ಹನ್ನೊಂದು ವರ್ಷದ ಹಿಂದೆ ಆ ಸುರಂಗದ ಕವಾಟಗಳನ್ನು ಬದಲಿಸಲು ಟೆಂಡರ್ ಕರೆದರು. ನಾನೂ ಹಾಕಿದೆ.

ಮುಚ್ಚುನೆಲದ ಟೆಂಡರ್ ಹೇಗಿರುತ್ತದೆಂದು ಹೇಳಬೇಕು. ಮೊದಲು ನಾಲಿಗೆಕರಾರಿಗೆ ಸಹಿ ಹಾಕಬೇಕು. ಕಂಡದ್ದನ್ನು, ಓದಿದ್ದನ್ನು, ಊಹಿಸಿದ್ದನ್ನೂ ಯಾರಿಗೂ ಹೇಳುವುದಿಲ್ಲ ಎಂಬ ಕರಾರು ಅದು. ಮುರಿದರೆ ಏಳು ವರ್ಷ ಸೆರೆ. ಆಮೇಲೆ ಪ್ರತಿ ಗುತ್ತಿಗೆದಾರರಿಗೂ ಒಂದು ನಕ್ಷೆ ಕೊಡುತ್ತಾರೆ. ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬೊಬ್ಬರೇ ಕೂತು ಅದನ್ನು ನೋಡಬೇಕು. ಬರೆದುಕೊಳ್ಳುವಂತಿಲ್ಲ. ಪಕ್ಕದಲ್ಲಿ ನಿಂತ ಕಾವಲುಗಾರ ನಿಮ್ಮ ಬೆರಳು ಯಾವ ಗೆರೆಯ ಮೇಲೆ ಎಷ್ಟು ಹೊತ್ತು ನಿಂತಿತೆಂದು ಗುರುತು ಹಾಕಿಕೊಳ್ಳುತ್ತಾನೆ. ಎಲ್ಲರ ನಕ್ಷೆಯೂ ಒಂದೇ ಅಲ್ಲ. ಒಂದೊಂದರಲ್ಲೂ ಬೇಕೆಂದೇ ಒಂದು ತಪ್ಪು ಸೇರಿಸಿರುತ್ತಾರೆ. ಅದಕ್ಕೆ ಸುಳಿವುತಪ್ಪು ಎನ್ನುತ್ತಾರೆ. ನಾಳೆ ನಕ್ಷೆಯ ಗುಟ್ಟು ಹೊರಗೆ ಸಿಕ್ಕರೆ, ಆ ತಪ್ಪನ್ನು ನೋಡಿ ಬಾಯಿಬಿಟ್ಟವರು ಯಾರೆಂದು ಹಿಡಿಯಬಹುದು. ಗೆದ್ದವರಿಗೆ ಮಾತ್ರ ಕೊನೆಗೆ ಸರಿಯಾದ ನಕ್ಷೆ ಸಿಗಬೇಕು. ಇದು ಕಾನೂನು.

ಇಷ್ಟೇ ಅಲ್ಲ, ಕಾವಲು ಕಚೇರಿಯವರು ಪರೀಕ್ಷೆಗೆಂದು ಜನರನ್ನೂ ಕಳಿಸುತ್ತಿದ್ದರು. ಹಳೆಯ ಗೆಳತಿ ಉಪ್ಪಿನಕಾಯಿ ಹಿಡಿದುಕೊಂಡು ಬಂದು, ಮಾತಿನ ಮಧ್ಯೆ ನಕ್ಷೆಯಲ್ಲಿ ಏನಿತ್ತೆಂದು ಕೇಳುತ್ತಿದ್ದಳು. ಉತ್ತರ ಕೊಟ್ಟವರು ವಾರದೊಳಗೆ ಕಾಣೆಯಾಗುತ್ತಿದ್ದರು. ನಮ್ಮ ಕಸುಬಿನವರು ಮದುವೆ ಮನೆಯಲ್ಲೂ ಹವಾಮಾನದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ.

ಆ ಟೆಂಡರ್ ನನಗೆ ಸಿಗಲಿಲ್ಲ, ವೃಷಭೇಂದ್ರ ಎಂಬವನಿಗೆ ಹೋಯಿತು. ಸೋಲು ನನಗೆ ಹೊಸದಲ್ಲ. ಆದರೆ ಅವನು ಬರೆದ ಕೆಲಸದ ಕ್ರಮವನ್ನು ಸಭೆಯಲ್ಲಿ ಓದಿದಾಗ ಸಾಲು ಸಾಲೂ ನನಗೆ ಗುರುತು ಸಿಕ್ಕಿತು. ಪೂರ್ವದ ತುದಿಯಿಂದ ಎರಡೆರಡು ಕವಾಟ ಬಿಚ್ಚುವುದು, ನಡುವೆ ಮೂರು ದಿನ ನೀರು ತಡೆಯುವುದು, ಎಲ್ಲವೂ ನನ್ನದೇ ಕ್ರಮ. ನನ್ನ ಕ್ರಮ ಗೊತ್ತಿದ್ದದ್ದು ಇನ್ನೊಬ್ಬನಿಗೆ ಮಾತ್ರ, ನನ್ನ ಮೇಸ್ತ್ರಿ ಗಾದ್ರಪ್ಪನಿಗೆ. ಅವನ ಮಗಳು ಸೂರಕ್ಕ ವೃಷಭೇಂದ್ರನ ಬಳಿ ವೆಲ್ಡರ್. ನಾನು ಬಾಯಿಬಿಟ್ಟು ಏನೂ ಕೇಳಲಿಲ್ಲ. ಇಪ್ಪತ್ತಾರು ವರ್ಷ ನನ್ನ ಜೊತೆ ದುಡಿದವನ ಮುಂದೆ ಮೇಜಿನ ಖಾನೆಗೆ ಬೀಗ ಹಾಕಲು ಶುರುಮಾಡಿದೆ. ಅವನು ನೋಡಿದ.

ಎರಡು ತಿಂಗಳ ನಂತರ, ಸುಡುಮಾಸದ ಒಂದು ಬೆಳಿಗ್ಗೆ ಏಳಕ್ಕೆ, ಗಾದ್ರಪ್ಪ ನಮ್ಮ ಮನೆಗೆ ಬಂದ. ಹಸಿಬಟ್ಟೆ ಹೊದ್ದಿದ್ದ. ಬಿಸಿಲಿಗೆ ಹೊರಡುವ ಮುನ್ನ ನಾವೆಲ್ಲ ಹೊದೆಯುವ ಒದ್ದೆ ದುಪ್ಪಟಿ ಅದು. ಒಳಗೆ ಬಂದು ಅದನ್ನು ತೆಗೆಯದೆ ನಿಂತೇ ಮಾತಾಡಿದ.

"ಅಕ್ಕಾ, ಇವತ್ತು ಮಧ್ಯಾಹ್ನ ಎರಡಕ್ಕೆ ಒಂಬತ್ತನೇ ಕವಾಟದ ಹಿಂದಿನ ಗೋಡೆ ಒಡೀತಾರಂತೆ. ಅವರ ನಕ್ಷೇಲಿ ಆ ಗೋಡೆ ಹಿಂದೆ ಖಾಲಿ ಕೋಣೆ ಐತೆ. ಆದ್ರೆ ಗೋಡೆ ಬೆವರ್ತೈತೆ ಅಂತಾಳೆ ನಮ್ಮ ಸೂರಿ. ಮ್ಯಾನೇಜರಿಗೆ ಹೇಳಿದ್ರೆ, ನಕ್ಷೆ ಪ್ರಶ್ನೆ ಮಾಡಬ್ಯಾಡ ಅಂದ್ನಂತೆ. ನಮ್ಮ ನಕ್ಷೇಲಿ ಅಲ್ಲಿ ಏನಿತ್ತು?"

ನನಗೆ ಚೆನ್ನಾಗಿ ನೆನಪಿತ್ತು. ನನ್ನ ನಕ್ಷೆಯಲ್ಲಿ ಆ ಗೋಡೆಯ ಹಿಂದೆ ನೀರು ತುಂಬಿದ ತೊಟ್ಟಿಯಿತ್ತು, ಎರಡಾಳು ಎತ್ತರದ್ದು. ಎರಡರಲ್ಲಿ ಒಂದು ಸುಳಿವುತಪ್ಪು. ನನ್ನದೇ ಇರಬಹುದು. ಆದರೆ ಆ ಕ್ಷಣ ನನ್ನ ತಲೆಗೆ ಬಂದದ್ದು ಗೋಡೆಯೂ ಅಲ್ಲ, ಸೂರಕ್ಕನೂ ಅಲ್ಲ. ಕಾವಲು ಕಚೇರಿಯವರು ಕೇಳಿಸುವ ಪ್ರಶ್ನೆ ಅಕ್ಷರಶಃ ಇದೇ ಅಲ್ಲವೇ ಎಂದು.

"ನೆನಪಿಲ್ಲ ಗಾದ್ರಪ್ಪ" ಎಂದೆ.

"ನಿಮಗೆ ನೆನಪಿಲ್ವಾ?" ಅವನು ನನ್ನ ಮುಖವನ್ನೇ ನೋಡಿದ. "ಇಪ್ಪತ್ತು ವರ್ಷದ ಹಿಂದಿನ ಕೊಳವೆ ಅಳತೆ ಬಾಯಲ್ಲಿ ಹೇಳ್ತೀರಿ ನೀವು. ನನಗೆ ಹೇಳಬ್ಯಾಡ್ರಿ. ಕಚೇರಿಗೆ ಹೋಗಿ ಹೇಳ್ರಿ. ನನ್ನ ಅವರು ಗೇಟ್ನಾಗೂ ನಿಲ್ಲಾಕ ಬಿಡಲ್ಲ, ನಿಮ್ಮ ಹತ್ರ ಆದ್ರೆ ಒಳಗೆ ಬಿಡೋ ಮುದ್ರೆ ಐತೆ. ನನ್ನ ಮಗಳಮ್ಮಾ ಅವಳು."

"ನಿನಗೆ ಅವರ ನಕ್ಷೆಯಲ್ಲಿ ಏನಿದೆಯೆಂದು ಗೊತ್ತಾದದ್ದೇ ಅಪರಾಧ. ಮೊದಲು ಮನೆಗೆ ಹೋಗು" ಎಂದೆ. ಅವನು ಹೋದ. ಅವನ ಬಟ್ಟೆಯಿಂದ ಸೋರಿದ ನೀರು ನೆಲದ ಮೇಲೆ ಬಿದ್ದದ್ದು ನಿಮಿಷದೊಳಗೆ ಆರಿತು.

ಆಮೇಲೆ ನಾನು ಮಾಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಕಿಟಕಿಯ ಸಂದಿಯಿಂದ ಬೀದಿ ನೋಡುತ್ತಾ ಕೂತೆ. ಅವನು ಯಾರನ್ನಾದರೂ ಭೇಟಿಯಾಗುತ್ತಾನೋ, ಯಾವುದಾದರೂ ಗಾಡಿ ಹತ್ತುತ್ತಾನೋ ಎಂದು. ಅವನು ಎದುರಿನ ನೀರುಕಟ್ಟೆಯ ಮೇಲೆ, ನೆರಳಿಲ್ಲದ ಕಡೆ, ಸುಮ್ಮನೆ ಕೂತಿದ್ದ. ಎಂಟಾಯಿತು, ಒಂಬತ್ತಾಯಿತು. ಅವನು ಯಾರ ಬಳಿಗೂ ಹೋಗಲಿಲ್ಲ, ಯಾರೂ ಅವನ ಬಳಿಗೆ ಬರಲಿಲ್ಲ. ಅವನ ದುಪ್ಪಟಿ ಪೂರ್ತಿ ಒಣಗಿತ್ತು. ಸುಡುಮಾಸದಲ್ಲಿ ಒಣಬಟ್ಟೆಯಲ್ಲಿ ಎರಡು ಗಂಟೆ ಕೂತರೆ ಮನುಷ್ಯ ಬೀಳುತ್ತಾನೆ. ಯಾವ ಗೂಢಚಾರನೂ ಅಷ್ಟು ಮಾಡುವುದಿಲ್ಲ ಎಂದು ನನಗೆ ಹೊಳೆಯುವ ಹೊತ್ತಿಗೆ ಹನ್ನೊಂದು ದಾಟಿತ್ತು. ನಾನು ನೀರಿನ ಚೊಂಬು ಹಿಡಿದು ಹೊರಗೆ ಓಡಿದೆ. ಅವನು ಕುಡಿಯಲಿಲ್ಲ. "ಹೊತ್ತಾಯ್ತು, ಹೋಗ್ರಿ" ಎಂದಷ್ಟೇ ಹೇಳಿದ.

ಹಸಿಬಟ್ಟೆ ಹೊದ್ದು ನಡೆದು ಮುಚ್ಚುನೆಲದ ಬಾಗಿಲು ಮುಟ್ಟುವಾಗ ಹನ್ನೆರಡು ದಾಟಿತ್ತು. ಅಲ್ಲಿ ತಪಾಸಣೆಗೆ ಒಂದೂವರೆ ಗಂಟೆ ಹಿಡಿಯಿತು. ತಲೆಗೂದಲನ್ನೂ ಬಿಚ್ಚಿಸಿ ನೋಡಿದರು. ಟೆಂಡರ್ ಅಧಿಕಾರಿ ಅನಸೂಯಾ ಕಿಣಿ ನನ್ನನ್ನು ಕೂರಿಸದೆಯೇ ಮಾತಾಡಿದರು.

"ಒಂಬತ್ತನೇ ಕವಾಟದ ಹಿಂದೆ ನೀರಿದೆ. ಕೆಲಸ ನಿಲ್ಲಿಸಿ" ಎಂದೆ.

"ನಿಮ್ಮ ನಕ್ಷೆಯಲ್ಲಿ ನೀರಿತ್ತು. ಅವರ ನಕ್ಷೆಯಲ್ಲಿ ಇಲ್ಲವೆಂದು ನಿಮಗೆ ಹೇಳಿದವರು ಯಾರು?"

"ಮೊದಲು ಜನರನ್ನು ಹೊರಗೆ ಕರೆಸಿ."

"ಹೆಸರು ಹೇಳಿ."

ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು. "ಯಾರೂ ಹೇಳಲಿಲ್ಲ. ನಕ್ಷೆ ನೋಡುವ ದಿನ ವೃಷಭೇಂದ್ರನ ಹಾಳೆ ಕಾವಲುಗಾರನ ಕೈಯಲ್ಲಿತ್ತು. ನಾನೇ ಕದ್ದು ನೋಡಿದೆ. ಬರೆದುಕೊಳ್ಳಿ, ಸಹಿ ಹಾಕುತ್ತೇನೆ" ಎಂದೆ.

ಅವರು ನನ್ನನ್ನು ನಂಬಿದರೆಂದು ನನಗೆ ಅನ್ನಿಸಲಿಲ್ಲ. ಆದರೂ ಬರೆಸಿಕೊಂಡರು, ಸಹಿ ಹಾಕಿಸಿಕೊಂಡರು, ಆಮೇಲೆ ಸುರಂಗಕ್ಕೆ ಕರೆ ಮಾಡಿದರು. ಆಗ ಎರಡು ಗಂಟೆ ದಾಟಿ ಆರು ನಿಮಿಷ. ಒಳಗೆ ಹನ್ನೆರಡು ಜನರಿದ್ದರು. ಹನ್ನೊಂದು ಜನ ಏಣಿ ಹತ್ತಿ ಹೊರಬಂದರು. ಕೊನೆಯವಳು ಸೂರಕ್ಕ. ಉಳಿದವರು ಹತ್ತುವವರೆಗೆ ಕವಾಟ ಹಿಡಿದು ನಿಂತಿದ್ದಳು. ಆಗಲೇ ಗೇಣುದ್ದ ಕೊರೆದಿದ್ದ ಗೋಡೆ ಒಡೆಯಿತು. ನೀರು ಅವಳನ್ನು ಏಣಿಯ ಬುಡಕ್ಕೆ ಎಸೆಯಿತು. ಅವಳು ಬದುಕಿದಳು. ಎಡಗೈ ಮೊಣಕೈಯಿಂದ ಕೆಳಗೆ ಉಳಿಯಲಿಲ್ಲ.

ವಿಚಾರಣೆಯಲ್ಲಿ ಒಂದು ಸಂಗತಿ ಹೊರಬಿತ್ತು. ವೃಷಭೇಂದ್ರನಿಗೆ ಸರಿಯಾದ ನಕ್ಷೆ ಸಿಕ್ಕಿರಲೇ ಇಲ್ಲ. ಸುಳಿವುತಪ್ಪುಗಳ ಪಟ್ಟಿ ಇಟ್ಟುಕೊಂಡಿದ್ದ ಗುಮಾಸ್ತನನ್ನೇ ಯಾವುದೋ ಅನುಮಾನದ ಮೇಲೆ ಕರೆದೊಯ್ದು, ಅವನ ಕಪಾಟಿಗೆ ಮುದ್ರೆ ಒತ್ತಿದ್ದರು. ಯಾವುದು ಸರಿ, ಯಾವುದು ತಪ್ಪು ಎಂದು ಇಡೀ ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹಾಗೆಂದು ಹೇಳಿದರೆ ತನ್ನ ಮೇಲೂ ಅನುಮಾನ ಬಂದೀತೆಂದು ಎಲ್ಲರೂ ಸುಮ್ಮನಿದ್ದರು. ಕೆಲಸದ ಕ್ರಮದ ಬಗ್ಗೆಯೂ ಕೇಳಿದೆ. ಅಲ್ಲಿಗೆ ಟೆಂಡರ್ ಹಾಕಿದ ಐವರಲ್ಲಿ ನಾಲ್ವರು ಅದೇ ಕ್ರಮ ಬರೆದಿದ್ದರಂತೆ. ಆ ಸುರಂಗಕ್ಕೆ ಬೇರೆ ಕ್ರಮವೇ ಇಲ್ಲ.

ನನಗೆ ಏಳು ವರ್ಷ ಸೆರೆಯಾಯಿತು. ಬಿಡುಗಡೆಯಾದ ದಿನ ನೇರವಾಗಿ ಗಾದ್ರಪ್ಪನ ಮನೆಗೆ ಹೋದೆ. ಸೂರಕ್ಕ ಬಾಗಿಲು ತೆರೆದು ಒಳಗೆ ಕರೆದಳು, ಒಂದೇ ಕೈಯಲ್ಲಿ ಅಂಬಲಿ ಬಗ್ಗಿಸಿ ಕೊಟ್ಟಳು. ಗಾದ್ರಪ್ಪ ಒಳಕೋಣೆಯಿಂದ ಬರಲಿಲ್ಲ. ಅಲ್ಲಿಂದಲೇ ಹೇಳಿದ: "ಜೈಲಿಗೆ ಹೋಗಿದ್ದು ನಮಗೋಸ್ಕರ ಅಂತ ಗೊತ್ತು ಅಕ್ಕಾ. ಅದನ್ನ ಮರೆಯಾಕಿಲ್ಲ. ಆದ್ರೆ ಆ ನಾಕು ತಾಸನ್ನೂ ಮರೆಯಾಕಾಗ್ತಿಲ್ಲ." ನಾನು ಅಂಬಲಿ ಕುಡಿದು ಎದ್ದುಬಂದೆ. ಮತ್ತೆ ಹೋಗಿಲ್ಲ.

ನಾಲಿಗೆಕರಾರಿನ ಮೂಲ ಹುಡುಕುತ್ತಾ ನಾನು ನಿಮ್ಮ ಕಾಲದ ಕಡತಗಳಿಗೆ ಬಂದೆ. ಅಲ್ಲಿ ಅದಿನ್ನೂ ಸಣ್ಣದು, ಒಂದೂವರೆ ಸಾಲಿನ ಷರತ್ತು. ದೇಶದ ಗುಟ್ಟು ಕಾಯಬೇಕಾದದ್ದೇ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆ ಷರತ್ತಿನ ಕೆಳಗೆ ಒಂದೇ ಒಂದು ವಾಕ್ಯ ಸೇರಿಸಿ: ಜೀವಕ್ಕೆ ಅಪಾಯವೆಂದು ಕಂಡಲ್ಲಿ ಯಾರು ಯಾರಿಗೆ ಬೇಕಾದರೂ ಹೇಳಬಹುದು, ಹೇಳಿದವರನ್ನು ಹೇಗೆ ತಿಳಿಯಿತೆಂದು ಕೇಳಬಾರದು.

ಈ ಪತ್ರವೂ ಯಾರದೋ ಪರೀಕ್ಷೆಯಿರಬಹುದು ಎಂದು ನಿಮಗೆ ಅನ್ನಿಸುತ್ತದೆ. ಅನ್ನಿಸಲಿ, ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೆಯೇ ಯೋಚಿಸುತ್ತಿದ್ದೆ. ಅನುಮಾನ ಪಡಬೇಡಿ ಎಂದು ನಾನು ಕೇಳುವುದಿಲ್ಲ. ಅದು ತೀರಲಿ ಎಂದು ಕಾಯುತ್ತಾ ಕೂರಬೇಡಿ. ಅನುಮಾನ ಪಡುತ್ತಲೇ ಎದ್ದು ಹೊರಡಿ.

ಬೊಮ್ಮಕ್ಕ