ರುದ್ರಮ್ಮನವರ ಹಕಾರ

ಹದಿನಾರು, ನಂಜನಗೂಡು ತಾಲ್ಲೂಕು

ಚಿಗವ್ವಾ,

ನಮ್ಮ ಧಾರವಾಡದ ರೊಟ್ಟಿ ಮರೆತು ಮುದ್ದೆ ನುಂಗುವುದನ್ನು ಕಲಿತಿದ್ದೇನೆ, ಹೊಟ್ಟೆ ಸರಿಯಿದೆ. ಈ ಕಡೆ ಹಳ್ಳಿಗೆ ಅಳ್ಳಿ ಅನ್ನುತ್ತಾರೆ. ಹೀಗೆ ಹಕಾರ ಬಿಡುವುದೇ ನನ್ನ ಎಂ.ಎ. ಪ್ರಾಜೆಕ್ಟಿನ ವಿಷಯ. ಆದರೆ ರೆಕಾರ್ಡರ್ ಕಂಡರೆ ಯಾರೂ ಬಿಡುವುದಿಲ್ಲ. ನಾನು ಉಳಿದುಕೊಂಡಿರುವ ಮನೆಯ ರುದ್ರಮ್ಮನವರಂತೂ ಇಲ್ಲದ ಕಡೆಗೂ ಸೇರಿಸಿ, "ನಾವು ಹಕ್ಕಿಯ ಹನ್ನವನ್ನು ಹುಣ್ಣುತ್ತೇವೆ" ಎಂದು ವಾರ್ತೆ ಓದುವವರಂತೆ ಹೇಳಿದರು. ಸಹಜ ಮಾತು ಸಿಗದಿದ್ದರೆ ವಿಷಯವನ್ನೇ ಬದಲಿಸು ಎಂದು ಗೈಡ್ ಮೇಡಂ ಫೋನಿನಲ್ಲಿ ಗದರಿದ್ದರು. ಅಳುವುದೊಂದು ಬಾಕಿ ಇತ್ತು.

ನಿನ್ನೆ ಮತ್ತೆ ರೆಕಾರ್ಡ್ ಮಾಡುತ್ತಿದ್ದಾಗ ಅವರ ಹಸು ಹಗ್ಗ ಕಿತ್ತುಕೊಂಡು ಬಂದು, ಅಂಗಳದಲ್ಲಿ ಒಣಹಾಕಿದ್ದ ಹಪ್ಪಳಕ್ಕೆ ಬಾಯಿ ಹಾಕಿತು. ರುದ್ರಮ್ಮ ಎದ್ದು ಓಡುತ್ತಾ ಮಗನನ್ನು ಕೂಗಿದರು: "ಲೇ ಅಮೃತೇಶ, ಓಡ್ ಬಾರ್ಲಾ! ಆಳಾದ್ ಅಸ ಅಗ್ಗ ಕಿತ್ಕಂಡು ಅಪ್ಪಳನೆಲ್ಲಾ ತಿಂತಾ ಅದೆ ಕಣ್ಲಾ!" ನಾನು ಹಸುವನ್ನು ಅಟ್ಟುವುದು ಬಿಟ್ಟು ರೆಕಾರ್ಡರ್ ಹಿಡಿದುಕೊಂಡು ಅವರ ಹಿಂದೆಯೇ ಓಡಿದೆ.

ಆಮೇಲೆ ನಾಚುತ್ತಲೇ ಅದನ್ನು ಅವರಿಗೆ ಕೇಳಿಸಿ, ಬಳಸಲೇ ಎಂದೆ. "ಅಯ್ಯೋ, ನನ್ ಮಾನ ಕಳೀಬ್ಯಾಡ ಕನವ್ವಾ" ಎಂದವರು ನನ್ನ ಮುಖ ನೋಡಿ, "ಓಗ್ಲಿ ಬುಡು. ಅಪ್ಪಳ ಒತ್ಕೊಡು, ಆಮೇಕೆ ಏನಾರ ಮಾಡ್ಕೊ" ಎಂದು ನಕ್ಕರು.

ಬೆಳಗಿನಿಂದ ಒತ್ತುತ್ತಿದ್ದೇನೆ, ಅಂಗೈ ಊದಿದೆ. ರುದ್ರಮ್ಮ ಪಕ್ಕದಲ್ಲಿ ಕುಳಿತು ತಮ್ಮ ಅತ್ತೆಯನ್ನು ಬೈಯುತ್ತಿದ್ದಾರೆ, ಒಂದೇ ಒಂದು ಹಕಾರವಿಲ್ಲ. ಈ ಸಲ ರೆಕಾರ್ಡರ್ ಆನ್ ಮಾಡಿದ್ದು ಅವರೇ.

ಹಿಟ್ಟಿನ ಕೈಯಲ್ಲೇ,
ರಂಜನಿ